“ಏನೇನು ಬಿಡಬೇಕು, ಒಂದು ಪಟ್ಟಿ ಕೊಡಿ” ಅನ್ನುವವರಿಗೆ

ನಾನು ಡಯಟಿಷಿಯನ್ ಅಂತ ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲೂ ಅದೇ ಪ್ರಶ್ನೆ ಬರುತ್ತದೆ. “ಮೈಯೆಲ್ಲ ಕಡಿತ, ದದ್ದು ಏಳತ್ತೆ, ಊಟ ಆದಮೇಲೆ ತಲೆನೋವು. ಯಾವುದೋ ಅಲರ್ಜಿ ಇರಬೇಕು. ಏನೇನು ಬಿಡಬೇಕು, ಒಂದು ಪಟ್ಟಿ ಕೊಟ್ಟುಬಿಡಿ.” ಈಚೆಗೆ ಅದಕ್ಕೊಂದು ಬಾಲವೂ ಸೇರಿಕೊಂಡಿದೆ: “ಹಿಸ್ಟಮಿನ್ ಇನ್‌ಟಾಲರೆನ್ಸ್ ಅಂತ ಯೂಟ್ಯೂಬಲ್ಲಿ ನೋಡಿದೆ, ಅದೇ ಇರಬಹುದಾ?” ಆಹಾರದಲ್ಲಿರುವ ಹಿಸ್ಟಮಿನ್ ಎಂಬ, ತುರಿಕೆ-ದದ್ದು ತರಿಸುವ ರಾಸಾಯನಿಕ ಮೈಗೆ ಒಗ್ಗದಿರುವುದಕ್ಕೆ ಆ ಹೆಸರು.

ಪಟ್ಟಿ ನಾನು ಕೊಡುವುದಿಲ್ಲ. ಕೇಳುವವರು ಅಷ್ಟರಲ್ಲಾಗಲೇ ಅರ್ಧ ಅಡುಗೆಮನೆ ಬಿಟ್ಟಿರುತ್ತಾರೆ. ಹಾಲು ಬಿಟ್ಟು ವರ್ಷವಾಗಿದೆ, ಗೋಧಿ ಬಿಟ್ಟು ಆರು ತಿಂಗಳು, ಬದನೆಕಾಯಿ ಅಜ್ಜಿಯ ಕಾಲದಿಂದಲೇ ಮನೆಗೆ ಬಂದಿಲ್ಲ. ಕಡಿತ ಮಾತ್ರ ಇದ್ದ ಹಾಗೇ ಇದೆ. ಎಲಿಮಿನೇಷನ್ ಡಯಟ್, ಅಂದರೆ ಅನುಮಾನದ ಆಹಾರವನ್ನು ಬಿಟ್ಟು ನೋಡುವುದು, ಒಂದು ಪರೀಕ್ಷೆ. ಬಿಟ್ಟಿದ್ದನ್ನು ವಾಪಸ್ ತಿಂದು ನೋಡಿದಾಗಲೇ ಅದರ ಫಲಿತಾಂಶ ಬರುವುದು. 1920ರ ದಶಕದಲ್ಲಿ ಇದನ್ನು ಒಂದು ಪದ್ಧತಿಯಾಗಿ ಬೆಳೆಸಿದ ಕ್ಯಾಲಿಫೋರ್ನಿಯಾದ ವೈದ್ಯ ಆಲ್ಬರ್ಟ್ ರೋ ಅವರ ಕಾಲದಿಂದ ಇವತ್ತಿನವರೆಗೂ ತತ್ವ ಅದೇ. ನಮ್ಮ ಜನ ಮೊದಲರ್ಧ ಶ್ರದ್ಧೆಯಿಂದ ಮಾಡುತ್ತಾರೆ, ಎರಡನೇ ಅರ್ಧಕ್ಕೆ ಹೆದರಿ ಅಲ್ಲೇ ನಿಂತುಬಿಡುತ್ತಾರೆ.

ಮುಂದೆ ಹೋಗುವ ಮೊದಲು ಒಂದು ಗುಂಪನ್ನು ಬೇರೆ ಕೂರಿಸಬೇಕು. ಕಡಲೆಕಾಯಿ, ಗೋಡಂಬಿ, ಸಿಗಡಿ, ಮೊಟ್ಟೆ, ಹಾಲು, ಯಾವುದೇ ಇರಲಿ, ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ತುಟಿ ಊದಿಕೊಂಡರೆ, ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ದದ್ದಿನ ಜೊತೆಗೇ ವಾಂತಿಯೋ ತಲೆಸುತ್ತೋ ಬಂದರೆ ಅದು ನಿಜವಾದ ಅಲರ್ಜಿ ಇರಬಹುದು. ಅಂಥವರು “ಸ್ವಲ್ಪ ತಿಂದು ನೋಡೋಣ” ಅನ್ನುವ ಆಟವನ್ನು ಮನೆಯಲ್ಲಿ ಆಡಲೇಬಾರದು. ಅಲ್ಲಿ ಚಿಟಿಕೆ ಸಾಕು. ಆ ಹೊತ್ತಿಗೆ ಬೇಕಾದದ್ದು ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು. ಸೆಟಿರಿಜಿನ್ ನುಂಗಿಸಿ ಮಲಗಿಸಿ ಕಾಯುತ್ತ ಕೂರುವುದಲ್ಲ. ಇವರಿಗೆ ಮರಳಿ ತಿನ್ನಿಸುವ ಪರೀಕ್ಷೆ ಆಸ್ಪತ್ರೆಯಲ್ಲಿ, ಅಲರ್ಜಿ ತಜ್ಞರ ಎದುರಿಗೇ ನಡೆಯಬೇಕು.

ಇನ್ನು, ಒಂದು ತೊಟ್ಟು ರಕ್ತದಲ್ಲಿ ನೂರಾರು ಆಹಾರದ ಅಲರ್ಜಿ ಹೇಳುತ್ತೇವೆ ಅನ್ನುವ ಪ್ಯಾಕೇಜುಗಳು. ಬಣ್ಣಬಣ್ಣದ ವರದಿ ಹಿಡಿದು ಬರುತ್ತಾರೆ, ಅಕ್ಕಿಗೂ ಕೆಂಪು, ಅರಿಶಿನಕ್ಕೂ ಕೆಂಪು. ಅದರಲ್ಲಿ ಬಹುಪಾಲು ರಕ್ತದಲ್ಲಿನ ಐಜಿಜಿ ಎಂಬ ಪ್ರತಿಕಾಯದ ಪರೀಕ್ಷೆ. ಐಜಿಜಿ ಇದ್ದರೆ ನೀವು ಆ ಪದಾರ್ಥ ತಿಂದಿದ್ದೀರಿ, ದೇಹಕ್ಕೆ ಅದರ ಪರಿಚಯ ಇದೆ ಎಂದಷ್ಟೇ ಅರ್ಥ. ಯುರೋಪಿನ ಮತ್ತು ಅಮೆರಿಕದ ಅಲರ್ಜಿ ವೈದ್ಯರ ಸಂಘಗಳು ಆಹಾರ ಅಲರ್ಜಿಗೆ ಇದನ್ನು ಮಾಡಿಸಬೇಡಿ ಅಂತ ಎಂದೋ ಹೇಳಿವೆ. ದಿಢೀರ್ ಅಲರ್ಜಿಯ ಹಿಂದಿರುವ ಐಜಿಇ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಗೆ ಬೆಲೆಯಿದೆ, ಆದರೆ ಅದೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ಕರ್ನಾಟಕದಲ್ಲೇ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯುರೋಪ್ರಿವಾಲ್ ಎಂಬ ಆಹಾರ ಅಲರ್ಜಿ ಅಧ್ಯಯನದಲ್ಲಿ ರಕ್ತ ಪರೀಕ್ಷೆ ಪ್ರಕಾರ ನೂರಕ್ಕೆ 26.5 ಮಂದಿಗೆ ಯಾವುದಾದರೂ ಆಹಾರದ ವಿರುದ್ಧ ಐಜಿಇ ಇತ್ತು. ಲಕ್ಷಣವನ್ನೂ ಸೇರಿಸಿ ನೋಡಿದಾಗ ಅಲರ್ಜಿ ಇರಬಹುದು ಎನ್ನಿಸಿದ್ದು ನೂರಕ್ಕೆ 1.2 ಮಂದಿಗೆ. ವರದಿ ನೋಡಿ ಊಟ ಬಿಟ್ಟವರಲ್ಲಿ ಎಷ್ಟು ಜನ ಸುಮ್ಮನೆ ಬಿಟ್ಟಿರಬಹುದು, ನೀವೇ ಲೆಕ್ಕ ಹಾಕಿ.

ಬದನೆಕಾಯಿ ವಿಷಯ ಇನ್ನೂ ಚೆಂದ. ಬದನೆ ನಂಜು, ಗಾಯವಾದಾಗ ತಿನ್ನಬಾರದು, ಬಾಯಿ ತುರಿಸುತ್ತದೆ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಲೇ ಬಂದಿದ್ದಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದನ್ನು ಕೈಗೆತ್ತಿಕೊಂಡು ಜನರಿಗೆ ಚರ್ಮದ ಚುಚ್ಚುಪರೀಕ್ಷೆಯನ್ನೂ ಮಾಡಿ ನೋಡಿದರು. ಬದನೆಗೆ ಐಜಿಇ ಮೂಲದ ನಿಜವಾದ ಅಲರ್ಜಿ ನೂರಕ್ಕೆ ಒಬ್ಬರಿಗೂ ಇರಲಿಲ್ಲ. ತೊಂದರೆ ಹೇಳಿಕೊಂಡವರು ಅದಕ್ಕಿಂತ ಎಷ್ಟೋ ಹೆಚ್ಚು. ಬದನೆಯಲ್ಲೇ ಇರುವ ಹಿಸ್ಟಮಿನ್ನಿನಂಥ ವಸ್ತುಗಳು ಅಲರ್ಜಿಯ ವೇಷ ಹಾಕಿ ಬರುತ್ತವೆ. ಅಜ್ಜಿಯ ಅನುಭವ ಸುಳ್ಳಲ್ಲ, ಎಲ್ಲರಿಗೂ ಕಾನೂನು ಮಾಡಿದ್ದು ಅತಿಯಾಯಿತು.

ಹಿಸ್ಟಮಿನ್ ಇನ್‌ಟಾಲರೆನ್ಸ್ ಅನ್ನುವುದೂ ಈ ಜಾತಿಯದೇ. ಆಹಾರದಲ್ಲಿ ಬಂದ ಹಿಸ್ಟಮಿನ್ನನ್ನು ಕರುಳಿನಲ್ಲಿರುವ ಡಿಎಒ ಎಂಬ ಕಿಣ್ವ ಒಡೆಯಬೇಕು. ಅದರ ಕೆಲಸ ಸಾಲದಾದರೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಮೂಗು ಕಟ್ಟುವುದು, ಹೊಟ್ಟೆಯುಬ್ಬರ ಬರಬಹುದು. ಇಲ್ಲಿ ಪ್ರಮಾಣದ ಲೆಕ್ಕ ನಡೆಯುತ್ತದೆ: ಒಂದು ತುತ್ತಿಗೆ ಏನೂ ಆಗದೆ, ಒಂದೇ ಊಟದಲ್ಲಿ ನಾಲ್ಕು ಪದಾರ್ಥ ಸೇರಿದಾಗ ಆಗಬಹುದು. ಡಿಎಒ ರಕ್ತ ಪರೀಕ್ಷೆ ನಂಬುವ ಮಟ್ಟದಲ್ಲಿಲ್ಲ, ಅದಕ್ಕೇ ಬಿಟ್ಟು ತಿಂದು ನೋಡುವ ದಾರಿ. ಔಷಧಿಯನ್ನೂ ಗಮನಿಸಿ. ನಮ್ಮಲ್ಲಿ ನೆಗಡಿಗೂ ಬರೆದುಕೊಡುವ ಒಂದು ಆಂಟಿಬಯಾಟಿಕ್‌ನಲ್ಲಿ ಅಮಾಕ್ಸಿಸಿಲಿನ್ ಜೊತೆಗಿರುವ ಕ್ಲಾವುಲಾನಿಕ್ ಆಸಿಡ್ ಪ್ರಯೋಗಾಲಯದಲ್ಲಿ ಡಿಎಒ ಕೆಲಸವನ್ನು ಜೋರಾಗಿಯೇ ತಡೆದಿದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಹಿಸ್ಟಮಿನ್ ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಬಂಗುಡೆ ಸಾರಿನಷ್ಟು ಒಳ್ಳೆಯ ಪಾಠ ಇಲ್ಲ. ಬಂಗುಡೆ, ಭೂತಾಯಿ, ಕೇದರದಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಹಿಡಿದ ಮೀನು ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಕೂತರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಒಮ್ಮೆ ಆದ ಹಿಸ್ಟಮಿನ್ ಕುದಿಸಿದರೂ ಹೋಗದು, ಹುರಿದರೂ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು. ಹಾಳಾದ ಬಂಗುಡೆ ತಿಂದು ಇಡೀ ಮನೆಯವರ ಮುಖ ಕೆಂಪಾದರೆ ಅದು ಯಾರ ಅಲರ್ಜಿಯೂ ಅಲ್ಲ, ಮೀನಿನದೇ ದೋಷ. ಮೀನುಸಾರು ಮಾರನೆಯ ದಿನಕ್ಕೇ ರುಚಿ ಅನ್ನುವ ಕರಾವಳಿಯ ಗೆಳೆಯರು ನನ್ನ ಮೇಲೆ ಮುನಿಸಿಕೊಳ್ಳಬಹುದು, ಆದರೆ ಈ ತೊಂದರೆ ಇರುವವರಿಗೆ ರಾತ್ರಿಯಿಡೀ ಒಲೆಕಟ್ಟೆಯ ಮೇಲೆ ಕೂತ ಸಾರು ಬೇಡವೇ ಬೇಡ.

ಹಾಗಾದರೆ ಮಾಡುವುದು ಹೇಗೆ? ಎರಡರಿಂದ ನಾಲ್ಕು ವಾರ, ಅದಕ್ಕಿಂತ ಹೆಚ್ಚಲ್ಲ. ಹಿಸ್ಟಮಿನ್ ಅನುಮಾನವಿದ್ದರೆ ಹುಳಿಬಂದ ಹಿಟ್ಟು, ಹಳೆ ಮೊಸರು, ಉಪ್ಪಿನಕಾಯಿ, ವಿನೆಗರ್, ಸೋಯಾ ಸಾಸ್, ಚೀಸ್, ಒಣಮೀನು, ಟೊಮ್ಯಾಟೊ, ಪಾಲಕ್, ಬದನೆ, ಬಿಯರು-ವೈನು, ಮತ್ತು ನಿನ್ನೆಯದೆಲ್ಲ ಪಕ್ಕಕ್ಕೆ. ಉಳಿಯುವುದು ಕಡಿಮೆಯೇನಲ್ಲ: ಬಿಸಿ ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿ, ಹೆಸರುಬೇಳೆ ತೊವ್ವೆ, ಹೀರೆ, ಸೋರೆ, ಸೌತೆ, ಕಾಯಿತುರಿ, ತುಪ್ಪ, ತಾಜಾ ಹಾಲು. ಇಡ್ಲಿ ಬಿಡಬೇಕಲ್ಲ ಅಂತ ಅಳುವವರಿಗೆ ಅಕ್ಕಿ ರೊಟ್ಟಿ, ನೀರುದೋಸೆ ಇದೆ. ನೀರುದೋಸೆಗೆ ಹುದುಗು ಬೇಡ.

ಬರೆದಿಡಿ, ಆದರೆ ಬರೆಯುವ ರೀತಿ ಇದೆ. ಒಬ್ಬರ ಪುಸ್ತಕದಲ್ಲಿ “ದೋಸೆ – ರಾತ್ರಿ ಕಡಿತ” ಅಂತಿತ್ತು. ಕೆದಕಿದರೆ ಆ ದೋಸೆ ಮೂರನೇ ದಿನದ ಹಿಟ್ಟಿನದು, ಜೊತೆಗೆ ಟೊಮ್ಯಾಟೊ ಚಟ್ನಿ, ಮಧ್ಯಾಹ್ನ ಪಾಲಕ್ ಪನೀರ್. ತಪ್ಪಿತಸ್ಥ ಅಂತ ದೋಸೆ ಒಂದನ್ನೇ ಜೈಲಿಗೆ ಹಾಕಿದ್ದರು. ಹಿಟ್ಟು ಎಷ್ಟನೇ ದಿನದ್ದು, ಜೊತೆಗೆ ಏನು, ಯಾವ ಮಾತ್ರೆ, ನಿದ್ದೆ ಹೇಗಿತ್ತು, ಹೆಂಗಸರಾದರೆ ಮುಟ್ಟಿನ ದಿನ ಯಾವುದು, ಇಷ್ಟಿದ್ದರೆ ಆ ಪುಸ್ತಕ ಓದಲು ಯೋಗ್ಯ.

ಗೋಧಿ ಬಿಟ್ಟು ನೋಡುವವರಿಗೆ ಇಂಗಿನ ಡಬ್ಬಿ ತಿರುಗಿಸಿ ಅನ್ನುತ್ತೇನೆ. ಅಂಗಡಿಯ ಇಂಗು ಬಹುಪಾಲು ಕಾಂಪೌಂಡ್ ಇಂಗು, ಎಷ್ಟೋ ಬ್ರ್ಯಾಂಡುಗಳಲ್ಲಿ ಮೈದಾ ಸೇರಿರುತ್ತದೆ. ಚಪಾತಿ ಬಿಟ್ಟು ಒಗ್ಗರಣೆಯಲ್ಲಿ ದಿನಾ ಗೋಧಿ ತಿನ್ನುತ್ತಿರುತ್ತೀರಿ. ಪ್ಯಾಕೆಟ್ ಮೇಲೆ ಅಲರ್ಜಿ ಪದಾರ್ಥ ನಮೂದಿಸಬೇಕು ಅನ್ನುವ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮದಲ್ಲಿ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿ ವರ್ಗ, ಸೋಯಾ, ಸಲ್ಫೈಟ್ ಇವೆ. ಎಳ್ಳು, ಸಾಸಿವೆ ಇಲ್ಲ. ಅವು ಆಗದವರು ಪದಾರ್ಥಗಳ ಸಾಲನ್ನು ಪೂರ್ತಿ ಓದಲೇಬೇಕು.

ಈಗ ವಾಪಸಾತಿ. ಒಂದು ಸಲಕ್ಕೆ ಒಂದೇ ಪದಾರ್ಥ: ಮೊದಲ ದಿನ ಸ್ವಲ್ಪ, ಮಾರನೆಯ ದಿನ ಮಾಮೂಲಿಯಷ್ಟು, ಮೂರನೇ ದಿನ ಸುಮ್ಮನಿದ್ದು ಕಾಯುವುದು. ಟೊಮ್ಯಾಟೊ ಮುಗಿಸಿ ಮೊಸರು, ಮೊಸರು ಮುಗಿಸಿ ಹುದುಗಿದ ಹಿಟ್ಟು. ಮೊದಲ ದಿನದ ಹಿಟ್ಟು ಒಗ್ಗಿದರೆ ಇಡ್ಲಿ ನಿಮ್ಮದು, ಮೂರನೇ ದಿನದ ಹಿಟ್ಟು ಪಕ್ಕದ ಮನೆಯವರದು. ಆಗದೆ ಹೋದದ್ದನ್ನೂ ಕೆಲ ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು. ಮಕ್ಕಳ ವಿಷಯದಲ್ಲಿ ಮಾತ್ರ ನಾನು ಒರಟು: ತೂಕ, ಎತ್ತರ ನೋಡುವ ಮಕ್ಕಳ ವೈದ್ಯರಿಲ್ಲದೆ ಹಾಲು-ಮೊಟ್ಟೆ ಬಿಡಿಸಬೇಡಿ. ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗಕ್ಕೆ ಅಂತ ತಿಂಗಳುಗಟ್ಟಲೆ ಬಿಡಿಸಿದ ಪದಾರ್ಥ ಮತ್ತೆ ಕೊಟ್ಟಾಗ ತೀವ್ರ ಅಲರ್ಜಿಯಾಗಿ ತಿರುಗಿಕೊಂಡ ಮಕ್ಕಳಿದ್ದಾರೆ. 2015ರ ಲೀಪ್ ಅಧ್ಯಯನದಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ ಕೂಸುಗಳಿಗೆ ಕಡಲೆಕಾಯಿ ಬೇಗ ತಿನ್ನಿಸಿದ್ದರಿಂದಲೇ ಅಲರ್ಜಿ ಬಹಳ ಕಡಿಮೆಯಾಯಿತು, ದೂರ ಇಟ್ಟಿದ್ದರಿಂದಲ್ಲ.

ನಾಲ್ಕು ವಾರ ಸರಿಯಾಗಿ ಬಿಟ್ಟೂ ಏನೂ ಬದಲಾಗಲಿಲ್ಲವೇ? ಆಗ ಎಲ್ಲ ವಾಪಸ್ ತಿನ್ನಿ. ಆರು ವಾರಕ್ಕಿಂತ ಹೆಚ್ಚು ದಿನ ಬಂದುಹೋಗುವ ದದ್ದುಗಳಿಗೆ ಆಹಾರ ಕಾರಣವಾಗುವುದು ಅಪರೂಪ. ಅದಕ್ಕೆ ಚರ್ಮದ ಡಾಕ್ಟರು ದಿನಕ್ಕೊಂದು ಮಾತ್ರೆಯಿಂದ ಶುರುಮಾಡುತ್ತಾರೆ, ಥೈರಾಯ್ಡ್ ಒಮ್ಮೆ ನೋಡಿಸಿ ಅನ್ನಬಹುದು. ಆ ಚಿಕಿತ್ಸೆಯಲ್ಲಿ ನನ್ನಂಥವಳಿಗೆ ಹೆಚ್ಚು ಕೆಲಸವಿಲ್ಲ.