ಹಾರ್ಮೋನಿಯಂ ಬಾರದ ಹುಡುಗ

ನನ್ನ ಮೊದಲ ಬಯೋಡಾಟಾದ ಪ್ರಕಾರ ನನಗೆ ಹಾರ್ಮೋನಿಯಂ ನುಡಿಸಲು ಬರುತ್ತಿತ್ತು.

2005ರ ಜೂನ್ ತಿಂಗಳು. ನಾವು ಆಗ ತಾನೇ ಟಿ.ವೈ.ಬಿ.ಕಾಂ.ಗೆ, ಅಂದರೆ ಬಿ.ಕಾಂ. ಕೊನೆಯ ವರ್ಷಕ್ಕೆ, ಬಂದಿದ್ದೆವು. ಸೀನಿಯರ್ ಒಬ್ಬರ ಫ್ಲಾಪಿ ಇಸಕೊಂಡು, ಮುಂಬಯಿಯ ಕುರ್ಲಾ ಸ್ಟೇಷನ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಅವರ ಬಯೋಡಾಟಾ ತೆರೆದೆ. ಹೆಸರು, ವಿಳಾಸ, ಮಾರ್ಕು ಎಲ್ಲ ಬದಲಾಯಿಸಿದೆ. ಗಂಟೆ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಅವಸರ. ಕೊನೆಯ ಸಾಲಿನ ಹವ್ಯಾಸ ಮಾತ್ರ ಅವರದ್ದೇ ಉಳಿಯಿತು.

ಶನಿವಾರ ಕ್ಲಾಸು ಮುಗಿದ ಮೇಲೆ ನಮ್ಮ ಅಕೌಂಟ್ಸ್ ಮೇಡಂ ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತಿದ್ದರು. ಧಾರವಾಡದ ಕಡೆಯವರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ನಮ್ಮಂಥ ಕನ್ನಡದ ಮಕ್ಕಳಿಗೆ ಬೈಗುಳ ಮಾತ್ರ ಕನ್ನಡದಲ್ಲಿ. ನನ್ನ ಹಾಳೆ ನೋಡಿ ಕೇಳಿದರು, “ಹಾರ್ಮೋನಿಯಂ ಬಾರಿಸ್ತೀ ಏನಪಾ? ಯಾವ ರಾಗ ಬರ್ತದ?”

ಸ್ವಲ್ಪ ಹೊತ್ತು ಯೋಚಿಸಿ, “ಜನಗಣಮನ, ಮೇಡಂ” ಅಂದೆ.

ಇಡೀ ಕ್ಲಾಸು ನಕ್ಕಿತು. ಅವರು ನಗಲಿಲ್ಲ.

“ಸಂಜೀಕ ಏನ್ ಮಾಡ್ತೀ?”

“ಅಂಗಡಿಯಲ್ಲಿ ಕೂರ್ತೇನೆ.”

“ಸುಮ್ನ ಕೂಡ್ತೀ?”

“ಇಲ್ಲ ಮೇಡಂ, ಲೆಕ್ಕ ಬರೀತೇನೆ.”

“ಅದು ಇದರಾಗ ಎಲ್ಲದ?” ಅಂತ ಹಾಳೆ ತಿರುವಿ ಹಿಂದುಗಡೆಯೂ ಹುಡುಕಿದರು.

ಬರೆಯಲು ನಾಚಿಕೆಯಾಗಿತ್ತು, ಅಷ್ಟೇ. ಚೆಂಬೂರಿನಲ್ಲಿ ನಮ್ಮ ಊರಿನವರದ್ದೊಂದು ಅಂಗಡಿ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಜೋನಿಬೆಲ್ಲ, ಹಪ್ಪಳ, ಸಂಡಿಗೆ. ಊರಿನಿಂದ ಲಾರಿಯಲ್ಲಿ ಬರುತ್ತಿತ್ತು. ಬೇಳೆ, ಸಕ್ಕರೆ ವಾಶಿ ಮಾರ್ಕೆಟ್ಟಿನಿಂದ. ಅಪ್ಪ ಅಂಗಡಿಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದರು. ನಾನು ಎಫ್.ವೈ.ಯಿಂದಲೇ, ಅಂದರೆ ಮೊದಲ ವರ್ಷದಿಂದಲೇ, ಸಂಜೆ ಆರರಿಂದ ಒಂಬತ್ತರವರೆಗೆ ಧನಿಯ ರೋಜ್‌ಮೇಳ್, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯುತ್ತಿದ್ದೆ. ಯಾವ ಹೋಟೆಲಿನವರ ಉದ್ರಿ ಎಷ್ಟು, ಯಾರ ಚೆಕ್ ವಾಪಸು ಬಂತು, ಎಲ್ಲ ನನಗೆ ಬಾಯಿಪಾಠ. ಆದರೆ ನೌಕರಿ ಅಂದರೆ ನನ್ನ ತಲೆಯಲ್ಲಿದ್ದದ್ದು ಏಸಿ ರೂಮು, ಟೈ. ಕುಚ್ಚಲಕ್ಕಿ ಗೋಣಿಗೂ ಅದಕ್ಕೂ ಏನು ಸಂಬಂಧ ಅಂತ.

ಅಪ್ಪನ ಆಸೆ ಬೇರೆ. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಮೂರರಲ್ಲಿ ಒಂದು. ನಮ್ಮ ಊರಿನವರು ಕಟ್ಟಿದ ಬ್ಯಾಂಕು, ನಮ್ಮವರನ್ನು ಬಿಡ್ತಾರಾ ಅನ್ನುವ ನಂಬಿಕೆ. ಪರೀಕ್ಷೆ ಬರೆದೇ ಸೇರಬೇಕು ಅಂತ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಈಗ ಆ ಮೂರೂ ಬೋರ್ಡುಗಳಿಲ್ಲ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಅಪ್ಪನಿಗೆ ಇನ್ನೂ ಬೇಜಾರಿದೆ.

ನೌಕರಿಯ ಜಾಹೀರಾತು ನಾನು ಓದುತ್ತಿದ್ದದ್ದು ರದ್ದಿಯಲ್ಲಿ. ಪೊಟ್ಟಣ ಕಟ್ಟಲು ಧನಿ ಕಿಲೋ ಲೆಕ್ಕದಲ್ಲಿ ರದ್ದಿ ಪೇಪರ್ ತರಿಸುತ್ತಿದ್ದರು. ಅದರಲ್ಲಿ ಬುಧವಾರದ ಟೈಮ್ಸ್ ಜೊತೆ ಬರುವ ಅಸೆಂಟ್ ಹಾಳೆ ಸಿಕ್ಕರೆ ಎತ್ತಿಟ್ಟುಕೊಳ್ಳುತ್ತಿದ್ದೆ. ತಾರೀಖು ಮುಗಿದು ತಿಂಗಳಾಗಿರುತ್ತಿತ್ತು. ಅರ್ಜಿ ಹಾಕುವಂತಿಲ್ಲ. ಆದರೂ ಓದುತ್ತಾ ಓದುತ್ತಾ ಒಂದು ವಿಷಯ ಗೊತ್ತಾಯಿತು. ಬಿ.ಕಾಂ. ಕೇಳುವ ಕಡೆಯಲ್ಲೆಲ್ಲ ಕೆಳಗೆ ‘ಟ್ಯಾಲಿ’ ಅಂತ ಇರುತ್ತಿತ್ತು, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್. ಏಪ್ರಿಲ್ ಒಂದರಿಂದ ಮಹಾರಾಷ್ಟ್ರದಲ್ಲಿ ಹಳೆಯ ಮಾರಾಟ ತೆರಿಗೆಯ ಜಾಗಕ್ಕೆ ವ್ಯಾಟ್ ಬಂದಿತ್ತಲ್ಲ, ಅದಾದ ಮೇಲಿನ ಹಾಳೆಗಳಲ್ಲಿ ‘ಟ್ಯಾಲಿ ಮತ್ತು ವ್ಯಾಟ್’. ಅಂಗಡಿಯ ಸಂಬಳದಲ್ಲೇ ಚೆಂಬೂರಿನ ಒಂದು ಕ್ಲಾಸಿಗೆ ಸೇರಿದೆ. ಅಲ್ಲಿ ಕಲಿತದ್ದನ್ನು ಧನಿಯ ಲೆಕ್ಕದ ಮೇಲೆ ಪ್ರಯೋಗ ಮಾಡುತ್ತಿದ್ದೆ. ಕಂಪ್ಯೂಟರ್ ಇರಲಿಲ್ಲ. ಕಾಗದದ ಮೇಲೆಯೇ ಲೆಡ್ಜರು, ಗ್ರೂಪು, ವೋಚರು.

ಮೇಡಂ ಜೂನ್‌ನಲ್ಲೇ ಇನ್ನೊಂದು ಕೆಲಸ ಹೇಳಿದ್ದರು. ಎಲ್ಲ ಮಾರ್ಕ್‌ಶೀಟುಗಳ ಅಟೆಸ್ಟ್ ಮಾಡಿಸಿದ ಜೆರಾಕ್ಸ್ ಒಂದು ಸೆಟ್ ಅವರ ಕಪಾಟಿನಲ್ಲಿ ಇಡಬೇಕು. ಎಲ್ಲರೂ ಕೊಟ್ಟರು. ನಾನು ನಾಳೆ ಕೊಡ್ತೇನೆ ಅಂತ ಒಂದು ತಿಂಗಳು ದೂಡಿದೆ.

ಜುಲೈ 26 ಬಂತು. ಮಂಗಳವಾರ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಲೋಕಲ್ ನಿಂತಿತು. ಅಪ್ಪನೂ ನಾನೂ ಚೆಂಬೂರಿನಿಂದ ಕುರ್ಲಾಕ್ಕೆ ಒಬ್ಬರ ಕೈ ಒಬ್ಬರು ಹಿಡಿದು ನಡೆದೆವು, ಕೆಲವು ಕಡೆ ಎದೆಮಟ್ಟದ ನೀರು. ನಮ್ಮದು ಮೀಠಿ ನದಿಗೆ ಹತ್ತಿರದ ಚಾಳ್, ಕೆಳಗಿನ ಖೋಲಿ. ಅಮ್ಮ, ತಂಗಿ ಮಹಡಿಯ ಮನೆಯಲ್ಲಿ ಸುರಕ್ಷಿತವಾಗಿದ್ದರು. ಮಂಚದ ಕೆಳಗಿದ್ದ ಟ್ರಂಕು ಮಾತ್ರ ಎರಡು ದಿನ ನೀರಿನಲ್ಲೇ ಇತ್ತು. ನನ್ನ ಫೈಲು ಅದರಲ್ಲಿ.

ಎಸ್‌ಎಸ್‌ಸಿ, ಎಚ್‌ಎಸ್‌ಸಿ ಮಾರ್ಕ್‌ಶೀಟುಗಳನ್ನು ಅಮ್ಮ ಫ್ಯಾನಿನ ಕೆಳಗೆ ಒಣಗಿಸಿ, ಬಟ್ಟೆ ಹಾಸಿ ಇಸ್ತ್ರಿ ಹಾಕಿದರು. ಅಂಕಿಗಳು ಉಳಿದವು. ಸೀಲು ನೀಲಿ ಮೋಡವಾಯಿತು. ಡ್ಯೂಪ್ಲಿಕೇಟಿಗೆ ಅಂತ ಶಾಲೆಗೆ, ವಾಶಿಯ ಬೋರ್ಡಿಗೆ ಎಷ್ಟು ಸಲ ಓಡಾಡಿದೆನೋ. ಮೇಡಂ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಯೋಡಾಟಾ ಆ ವರ್ಷ ಐದಾರು ಸಲ ಬದಲಾಯಿತು. ಹಾರ್ಮೋನಿಯಂ ಹೋಯಿತು, ಅಂಗಡಿ ಬಂತು. ‘ಲೆಕ್ಕ ಬರೆಯುವುದು’ ಅಂತ ಬರೆದರೆ ಮೇಡಂ ಒಪ್ಪಲಿಲ್ಲ. ಎಷ್ಟು ಗಿರಾಕಿಗಳ ಉದ್ರಿ, ದಿನಕ್ಕೆ ಎಷ್ಟು ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆ ನೋಡುವವರು ಯಾರು, ಎಲ್ಲ ಕೇಳಿ ಕೇಳಿ ಬರೆಸಿದರು. ನಲವತ್ತಮೂರು ಹೋಟೆಲು, ಕ್ಯಾಂಟೀನುಗಳ ಖಾತೆ ಅಂತ ಎಣಿಸಿದಾಗ ನನಗೇ ಆಶ್ಚರ್ಯವಾಯಿತು.

2006ರ ಜನವರಿಯಲ್ಲಿ ಫೋರ್ಟ್‌ನ ಒಂದು ಆಡಿಟರ್ ಆಫೀಸಿಗೆ ಇಂಟರ್‌ವ್ಯೂಗೆ ಹೋದೆ. ಈ ಸಲದ ಜಾಹೀರಾತು ತಾಜಾ ಪೇಪರಿನದ್ದು. ಆಡಿಟರ್ ಹಾಳೆ ನೋಡಿ ನೇರವಾಗಿ ಕೇಳಿದರು, ನಿಮ್ಮ ಅಂಗಡಿಗೆ ವ್ಯಾಟ್‌ನಿಂದ ಲಾಭವೋ ನಷ್ಟವೋ? ನಾನು ಧನಿ ದಿನಾ ಗೊಣಗುತ್ತಿದ್ದದ್ದನ್ನೇ ಹಿಂದಿಯಲ್ಲಿ ಹೇಳಿದೆ. ವಾಶಿಯಲ್ಲಿ ಬಿಲ್ಲು ಹಾಕಿಸಿ ಕೊಂಡದ್ದಕ್ಕೆ ಕಟ್ಟಿದ ವ್ಯಾಟನ್ನು ನಮ್ಮ ಮಾರಾಟದ ವ್ಯಾಟಿನಲ್ಲಿ ಕಳೆಯಬಹುದು. ಕರ್ನಾಟಕದಿಂದ ತರಿಸಿದ ಸಾಮಾನಿನ ಸಿ.ಎಸ್.ಟಿ.ಯನ್ನು, ಅಂದರೆ ಬೇರೆ ರಾಜ್ಯದಿಂದ ಕೊಂಡದ್ದರ ಮೇಲಿನ ಕೇಂದ್ರ ಮಾರಾಟ ತೆರಿಗೆಯನ್ನು, ಹಾಗೆ ಕಳೆಯಲು ಬರುವುದಿಲ್ಲ, ಅದು ಮಾಲಿನ ಬೆಲೆಗೇ ಸೇರುತ್ತದೆ. ಹಾಗಾಗಿ ಒಂದೇ ಅಂಗಡಿಯಲ್ಲಿ ಎರಡು ಥರದ ಲೆಕ್ಕ. ಅವರು ಪೆನ್ನು ಕೆಳಗಿಟ್ಟು ಇನ್ನೂ ಹತ್ತು ನಿಮಿಷ ಹಪ್ಪಳ, ಬೆಲ್ಲದ ಬಗ್ಗೆಯೇ ಮಾತಾಡಿಸಿದರು. ಇಸ್ತ್ರಿ ಹಾಕಿದ ಮಾರ್ಕ್‌ಶೀಟು ತೋರಿಸಿದಾಗ, “ಛಬ್ಬೀಸ್ ಜುಲೈ?” ಅಂದರು. ಹೌದು ಅಂದೆ. ತಿರುಗಿ ಕೊಟ್ಟರು. ಪರೀಕ್ಷೆ ಮುಗಿದ ಮೇಲೆ ಬಾ, ತಿಂಗಳಿಗೆ ನಾಲ್ಕೂವರೆ ಸಾವಿರ.

ಸೋಮವಾರ ಮೇಡಂಗೆ ಹೇಳಿದೆ. “ಹಾರ್ಮೋನಿಯಂ ಕೇಳಲಿಲ್ಲೇನು?” ಅಂತ ಮೊದಲ ಸಲ ನಕ್ಕರು.

ಸಂಜೆ ಧನಿಗೆ ಹೇಳಿದಾಗ ಅವರು ಗಲ್ಲಾದಿಂದ ನೂರು ರೂಪಾಯಿ ತೆಗೆದು ಕೈಗಿಟ್ಟು, ಸಂತೋಷ ಮಾರಾಯಾ ಅಂದರು. ಆಮೇಲೆ ರೋಜ್‌ಮೇಳ್ ನನ್ನ ಕಡೆ ದೂಡಿ, “ನಿನ್ನ ಕಾಲೇಜಲ್ಲಿ ಎಫ್.ವೈ. ಹುಡುಗ ಯಾರಾದ್ರೂ ಇದ್ದರೆ ನಾಳೆಯೇ ಕರ್ಕೊಂಡು ಬಾ. ಪರೀಕ್ಷೆಗೆ ಮೊದಲು ಉದ್ರಿ ಪುಸ್ತಕ ಅವನಿಗೆ ಕಲಿಸಿ ಹೋಗು” ಅಂದರು.