ಬೂರುಗದ ದಿಂಬು

"ಹೇಳಬಾರದಾಗಿತ್ತೇನಮ್ಮ?"

"ಕೇಳಬಾರದಾಗಿತ್ತೇನಪ್ಪ?"

ಭಾವನಿಗೂ ಅವರ ತಾಯಿ, ಅಂದರೆ ನನ್ನ ಸೋದರತ್ತೆಗೂ ನಡೆದ ಮಾತು ಇಷ್ಟೇ. ಈ ವಾರವೆಲ್ಲ ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಇವೇ ಎರಡು ಮಾತುಗಳು ನನ್ನ ಬೆನ್ನು ಬಿಟ್ಟಿಲ್ಲ. ಭಾವ ಕೂಗಿ ಕೇಳಿದ್ದರು. ಅತ್ತೆ ದನಿ ಏರಿಸಲಿಲ್ಲ, ಮಗನ ಮುಖವನ್ನೂ ನೋಡಲಿಲ್ಲ. ಕೈಯಲ್ಲಿದ್ದ ದುಪ್ಪಟಿಯನ್ನು ಮಡಚುತ್ತಲೇ ಹೇಳಿದರು.

ಮೈಸೂರಿನ ಮನೆಗೆ ಬಣ್ಣ ಹೊಡೆಸಲೆಂದು ಸಾಮಾನನ್ನೆಲ್ಲ ಪಡಸಾಲೆಗೆ ತಂದು ಹಾಕಿದ್ದರು. ಅತ್ತೆ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಅವರ ಬೂರುಗದ ಹತ್ತಿಯ ದಿಂಬು ಕಸದ ಗಾಡಿ ಸೇರಿತ್ತು. ಅದರ ಜಾಗದಲ್ಲಿ ಹೊಸ ಫೋಮ್ ದಿಂಬು ಕೂತಿತ್ತು. ತಾಯಿಯ ಕತ್ತು ನೋವಿಗೆ ಒಳ್ಳೆಯದೆಂದೇ ಭಾವ ತಂದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಹಳೆಯ ದಿಂಬಿನೊಳಗೆ ಅತ್ತೆಯ ತಾಯಿ ಕೊಟ್ಟ ಕೆಂಪು ಕಲ್ಲಿನ ಓಲೆಯೂ ಒಂದಿಷ್ಟು ದುಡ್ಡೂ ಇತ್ತು.

ಸುದ್ದಿ ಕೇಳಿ ಬಂದವರೆಲ್ಲ ಅತ್ತೆಗೇ ಬುದ್ಧಿ ಹೇಳಿದರು. ಈ ಕಾಲದಲ್ಲಿ ಯಾರಾದರೂ ದಿಂಬಿನಲ್ಲಿ ಇಡುತ್ತಾರೆಯೇ, ಬ್ಯಾಂಕಿನ ಲಾಕರ್ ಇರಲಿಲ್ಲವೇ ಎಂದರು. ಲಾಕರ್ ಇತ್ತು. ಮೊದಲು ಮಾವನ ಹೆಸರಿನಲ್ಲಿತ್ತು, ಈಗ ಭಾವನ ಹೆಸರಿನಲ್ಲಿದೆ. ಬೀರುವಿನ ಕೀಲಿ ಮೊದಲು ಮಾವನ ಜನಿವಾರದಲ್ಲಿತ್ತು, ಈಗ ಭಾವನ ಮೇಜಿನ ಡ್ರಾಯರಿನಲ್ಲಿದೆ. ಆ ಮನೆಯಲ್ಲಿ ಬೇರೆಯವರು ಕೈ ಹಾಕದೆ ಅತ್ತೆಗಾಗಿಯೇ ಉಳಿದಿದ್ದ ಜಾಗವೆಂದರೆ ಅವರು ತಲೆಯಿಡುತ್ತಿದ್ದ ದಿಂಬು ಒಂದೇ. ಇದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ ಎನ್ನುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಭಾವನ ಜೊತೆ ನಾನೂ ಕಸ ವಿಂಗಡಿಸುವ ಜಾಗಕ್ಕೆ ಹೋದೆ. ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ. ಹರಿದ ಹಾಸಿಗೆ, ಚಪ್ಪಲಿ, ಹಳೆಯ ಬಟ್ಟೆಗಳದ್ದೇ ಒಂದು ರಾಶಿ. ಭಾವ ಆತುರದಲ್ಲಿ ಏನೇನೋ ವಿವರಿಸತೊಡಗಿದಾಗ ಅಲ್ಲಿದ್ದ ಪೌರಕಾರ್ಮಿಕ ಮಹಿಳೆ ಅವರನ್ನು ತಡೆದು, "ಹೊಲಿಗೆ ಯಾವ ದಾರದ್ದು, ಸಾರ್?" ಎಂದು ಕೇಳಿದರು. ಭಾವನಿಗೆ ಗೊತ್ತಿರಲಿಲ್ಲ. ನಾನು ಅತ್ತೆಗೆ ಫೋನ್ ಮಾಡಿದೆ. ಮೂರು ಮೂಲೆಗೆ ಬಿಳಿ ದಾರ, ಒಂದು ಮೂಲೆಗೆ ಹಸಿರು ದಾರ ಎಂದರು ಅತ್ತೆ. ಒಳಗೆ ಏನಿತ್ತು ಎಂದು ಆ ಮಹಿಳೆ ಕೊನೆಯವರೆಗೂ ಕೇಳಲಿಲ್ಲ.

ದಿಂಬು ಸಿಕ್ಕಿತು. ಭಾವ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟಿದ್ದರು. "ಇಲ್ಲೇ ಬಿಚ್ಚಿ ನೋಡಿಕೊಳ್ಳಿ ಸಾರ್. ಮನೆಗೆ ಹೋದ ಮೇಲೆ ಕಡಿಮೆ ಇದೆ ಅಂತ ನಮ್ಮ ಮೇಲೆ ಬರಬಾರದು," ಎಂದು ಆಕೆ ಅಡ್ಡ ನಿಂತರು. ಹಿಂದೆ ಯಾರೋ ಹಾಗೆ ಬಂದಿರಬೇಕು. ಭಾವ ತಲೆ ತಗ್ಗಿಸಿಕೊಂಡು ಆ ಹಸಿರು ಹೊಲಿಗೆ ಬಿಚ್ಚಿದರು. ಹತ್ತಿಯ ನಡುವೆ ತೊಳೆದು ಒಣಗಿಸಿದ ಹಾಲಿನ ಕವರ್, ಅದರೊಳಗೆ ಓಲೆ, ನಾಲ್ಕು ಮಡಿಕೆಯ ನೋಟುಗಳು. ಕೆಲವು ಈಗಿನವು. ಉಳಿದ 26 ನೋಟುಗಳು ಹಿಂಬದಿಯಲ್ಲಿ ದಾಂಡಿ ಯಾತ್ರೆಯ ಚಿತ್ರವಿರುವ, 2016ರ ನವೆಂಬರ್ 8ರ ರಾತ್ರಿ ರದ್ದಾದ ಐನೂರರ ನೋಟುಗಳು.

ನೋಡುತ್ತಿದ್ದಂತೆ ಅದು ಯಾವ ದುಡ್ಡೆಂದು ನನಗೆ ತಿಳಿಯಿತು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತಂಗಿಯ ಅರಿಶಿನ ಕುಂಕುಮಕ್ಕೆಂದು ನನ್ನ ಅಪ್ಪ ಕೊಡುತ್ತಿದ್ದ ದುಡ್ಡು. ಅಪ್ಪ ಹೋದ ಮೇಲೆ ತಮ್ಮ ಕೊಡುತ್ತಿದ್ದಾನೆ. ಹೊಸ ನೋಟುಗಳು ಅವನವು. ಅತ್ತೆ ಒಂದನ್ನೂ ಖರ್ಚು ಮಾಡಿರಲಿಲ್ಲ.

ಆಗ ಯಾಕೆ ಬದಲಾಯಿಸಿಕೊಳ್ಳಲಿಲ್ಲ ಎಂಬ ಪ್ರಶ್ನೆಯೂ ಅತ್ತೆಗೇ ಬಂತು. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಬ್ಯಾಂಕಿನ ಮುಂದೆ ಬೀದಿಯುದ್ದಕ್ಕೂ ಸಾಲು, ಗುರುತಿನ ಚೀಟಿಯ ನಕಲು, ಬೆರಳಿಗೆ ಶಾಯಿ. ನವೆಂಬರ್ 24ರ ಹೊತ್ತಿಗೆ ಕೌಂಟರಿನಲ್ಲಿ ಬದಲಾಯಿಸಿಕೊಡುವುದೂ ನಿಂತು, ಖಾತೆಗೆ ಕಟ್ಟಲು ಡಿಸೆಂಬರ್ 30ರವರೆಗೆ ಮಾತ್ರ ಗಡುವು ಉಳಿಯಿತು. ನಮ್ಮ ಬೀದಿಯಲ್ಲೇ ಎಷ್ಟೋ ಹೆಂಗಸರು ಸಾಸಿವೆ ಡಬ್ಬಿ, ಬೇಳೆ ಡಬ್ಬಿಗಳಿಂದ ತೆಗೆದ ನೋಟುಗಳನ್ನು ಗಂಡಂದಿರ ಕೈಗೆ ಕೊಡಬೇಕಾಯಿತು. ಎಲ್ಲಿಂದ ಬಂತು, ಯಾವಾಗಿನಿಂದ ಇಟ್ಟಿದ್ದೆ, ಇನ್ನೂ ಎಷ್ಟಿದೆ ಎಂದು ಕೇಳಿದವರೇ ಹೆಚ್ಚು. ಕೊಟ್ಟ ದುಡ್ಡು ಹಾಗೆಯೇ ಮರಳಿ ಬಂದ ಮನೆಗಳು ಕಡಿಮೆ. 2021ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ, ಆ ಅವಧಿಯಲ್ಲಿ ಗೃಹಿಣಿಯರು ಕಟ್ಟಿದ ಎರಡೂವರೆ ಲಕ್ಷ ರೂಪಾಯಿವರೆಗಿನ ಹಣವನ್ನು ಅವರ ಆದಾಯವೆಂದು ಎಣಿಸಬಾರದು ಎಂದಿತು. ಮನೆಯ ಖರ್ಚಿನಲ್ಲಿ ಉಳಿಸಿದ್ದು, ಬಂಧುಗಳು ಕೊಟ್ಟದ್ದು ಅವರ ಬಳಿ ಇರುವುದು ಸಹಜವೆಂದು ಅದು ಒಪ್ಪಿಕೊಂಡಿತು. ನ್ಯಾಯಮಂಡಳಿ ಒಪ್ಪಿದ್ದನ್ನು ನಮ್ಮ ಮನೆಗಳ ಗಂಡಸರು ಇನ್ನೂ ಒಪ್ಪಿಲ್ಲ. ಮಾವನ ಆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಿಂತ ಹದಿಮೂರು ಸಾವಿರ ಹೋದರೂ ಸರಿ ಎಂದು ಅತ್ತೆ ಸುಮ್ಮನಿದ್ದರು. ದಿಂಬು ಕಸಕ್ಕೆ ಬಿದ್ದ ದಿನ ಕಳೆದುಹೋದ ದುಡ್ಡಲ್ಲ ಅದು.

ಮನೆಗೆ ಬಂದ ಮೇಲೆ ಭಾವ ಮೊಬೈಲಿನಲ್ಲಿ ನೋಡಿ ಗಾಬರಿಯಾದರು. 2017ರ ಕಾಯ್ದೆಯ ಪ್ರಕಾರ ಇಂಥ ಹಳೆಯ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಅಪರಾಧ. ಹತ್ತು ಸಾವಿರ ಅಥವಾ ಮುಖಬೆಲೆಯ ಐದರಷ್ಟು, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ಎಲ್ಲವನ್ನೂ ಸುಟ್ಟುಬಿಡೋಣ ಎಂದರು. ಹತ್ತು ಇಟ್ಟುಕೊಳ್ಳಬಹುದಲ್ಲ ಎಂದೆ ನಾನು. ಅತ್ತೆ ನೆಲದ ಮೇಲೆ ಕೂತು, ಒಂದೊಂದೇ ನೋಟಿನ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ನೇರ ಮಾಡಿ ಹತ್ತನ್ನು ಆರಿಸಿಕೊಂಡರು. "ಇವು ನಮ್ಮಣ್ಣ ಕೊಟ್ಟಿದ್ದು," ಎಂದು ಮಗನಿಗೆ ಹೇಳಿದರು. ಉಳಿದವನ್ನು ಭಾವ ಹರಿದು ಹಾಕಿದರು.

ಭಾವ ಕೆಟ್ಟವರಲ್ಲ. ತಾಯಿಗೆ ಔಷಧಿ, ಕನ್ನಡಕ ಎಲ್ಲವನ್ನೂ ಹೊತ್ತು ಹೊತ್ತಿಗೆ ತಂದುಕೊಡುತ್ತಾರೆ. ತಾಯಿಗೆ ಏನು ಬೇಕು ಎನ್ನುವುದು ತಮಗೆ ಆಗಲೇ ಗೊತ್ತಿದೆ ಎಂಬ ಭರವಸೆ ಅವರಿಗೆ ಎಷ್ಟಿದೆಯೆಂದರೆ, ಕೇಳುವ ಅಭ್ಯಾಸವೇ ತಪ್ಪಿಹೋಗಿದೆ. ದಿಂಬಿನ ವಿಷಯ ಹಾಗಿರಲಿ, ಗೋಡೆಗೆ ಯಾವ ಬಣ್ಣ ಎಂದೂ ಅತ್ತೆಯನ್ನು ಕೇಳಿರಲಿಲ್ಲವಂತೆ.

ದಿಂಬು ಹುಡುಕಿಕೊಟ್ಟ ಆ ಮಹಿಳೆ ಅಂದು ಭಾವ ಕೊಡಹೋದ ದುಡ್ಡನ್ನು ಮುಟ್ಟಲಿಲ್ಲ. ಆಕೆಯನ್ನು ಮನೆಗೆ ಕರೆದು, ಊಟ ಹಾಕಿ, ಸೀರೆ ಕೊಡಬೇಕೆಂದು ಅತ್ತೆಗೆ ಆಸೆ. ಬಣ್ಣದ ಕೆಲಸ ಮುಗಿಯಲಿ ಎಂದು ಭಾವ ಮುಂದೂಡುತ್ತಿದ್ದಾರೆ. ನೀನೇ ಹೋಗಿ ಹೇಳಿ ಬಾ ಎಂದು ನಿನ್ನೆ ನನಗೆ ಫೋನ್ ಮಾಡಿದ್ದರು. ನಾನು ಹೋಗುವುದಿಲ್ಲ, ನೀವೇ ಹೋಗಿ ಕರೆಯಬೇಕು, ಹೋಗುವ ಮುಂಚೆ ಆಕೆಗೆ ಯಾವ ದಿನ ಬಿಡುವಿದೆ ಎಂದು ಕೇಳಿಕೊಳ್ಳಿ ಎಂದೆ.