ಕೊನೇ ಹತ್ತಡಿಯ ಕಾಟ

ಫ್ಲೇರ್ ಸಿಕ್ಕಿತು, ಅಂದರೆ ವಿಮಾನ ಇಳಿಸುವ ಕೊನೇ ಕ್ಷಣದಲ್ಲಿ ಯೋಕ್ (ವಿಮಾನದ ಸ್ಟಿಯರಿಂಗ್) ಎಳೆದು, ಮೂಗೆತ್ತಿ, ಮೆಲ್ಲಗೆ ನೆಲ ಮುಟ್ಟಿಸುವ ಕಲೆ. ಸಿಕ್ಕ ಹಾಗಿದೆ ಅನ್ನೋಣ. ಅಡ್ಡಗಾಳಿ ಬೀಸಿದ ದಿನ ಮತ್ತೆ ಕೈಕೊಟ್ಟರೂ ಕೊಡಬಹುದು, ಅಷ್ಟರೊಳಗೆ ಬರೆದುಬಿಡುತ್ತೇನೆ.

ಟೇಕಾಫ್, ರೇಡಿಯೋ ಬಗ್ಗೆ ಇಲ್ಲಿ ಹೇಳುವುದಿಲ್ಲ. ನಾನು ಕಲಿಯುತ್ತಿರುವ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ವಿಮಾನ ನಿಲ್ದಾಣದಲ್ಲಿ ರನ್‌ವೇ 31ಕ್ಕೆ ಪ್ಯಾಟರ್ನ್ (ಇಳಿಯುವ ಮುನ್ನ ಹೊಡೆಯುವ ಸುತ್ತು) ಬಲಗಡೆ, ಕಲಿಯುವ ನಾವು ಕೂರುವುದು ಎಡಗಡೆ. ರನ್‌ವೇ ಪಕ್ಕದಲ್ಲಿ ಉಲ್ಟಾ ದಿಕ್ಕಿಗೆ ಹಾರುವ ಡೌನ್‌ವಿಂಡ್‌ನಲ್ಲಿ ರನ್‌ವೇಗಿಂತ ಇನ್‌ಸ್ಟ್ರಕ್ಟರ್ ತಲೆಯೇ ಜಾಸ್ತಿ ಕಾಣುತ್ತದೆ. ಅದಕ್ಕೂ ಒಗ್ಗಿಕೊಂಡೆ. ಸೆಸ್ನಾ 172 ಪುಟ್ಟ ವಿಮಾನ, ಫುಲ್ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ ಪೂರ್ತಿ ಇಳಿಸಿ), ರನ್‌ವೇಗೆ ನೇರವಾಗಿ ಇಳಿಯುವ ಫೈನಲ್‌ನಲ್ಲಿ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.). ನೆಲ ಇನ್ನು ಹತ್ತಡಿ ಅನ್ನುವವರೆಗೆ ಎಲ್ಲ ಚೆಂದ. ಆಮೇಲೆ ಶುರು ರಗಳೆ.

ಬೇಗ ಎಳೆದರೆ ವಿಮಾನ ಮತ್ತೆ ಮೇಲೇಳುತ್ತದೆ, ಸ್ಪೀಡ್ ಸಾಯುತ್ತದೆ, ರೆಕ್ಕೆ ಇನ್ನು ಎತ್ತಿ ಹಿಡಿಯಲಾರದು ಅಂತ ಎಚ್ಚರಿಸುವ ಸ್ಟಾಲ್ ಹಾರ್ನ್ ಕುಂಯ್ ಅನ್ನುತ್ತದೆ, ದೊಪ್! ತಡ ಮಾಡಿದರೆ ಮೂರೂ ಚಕ್ರ ಒಟ್ಟಿಗೆ. ಐದು ನಾಟ್ ಜಾಸ್ತಿ ತಂದರೆ ಗ್ರೌಂಡ್ ಎಫೆಕ್ಟ್‌ನಲ್ಲಿ (ನೆಲದ ಹತ್ತಿರ ರೆಕ್ಕೆಗೆ ಸಿಗುವ ಹೆಚ್ಚಿನ ಆಸರೆ) ತೇಲುತ್ತಲೇ ಇರುತ್ತದೆ. ಅಲ್ಲಿನ ರನ್‌ವೇ ಬರೀ 2,443 ಅಡಿ. ತೇಲಿಕೊಂಡು ಕೂರಲು ಜಾಗವಿಲ್ಲ, ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರಿ ಇನ್ನೊಂದು ಸುತ್ತು) ಮಾಡಲೇಬೇಕು. "ಹಾರೋಕೆ ಬಂತು ಅಂದೆ, ಇನ್ನೂ ಇಳಿಸೋಕೆ ಬರಲಿಲ್ವೇನೋ?" ಅಂತ ಅಮ್ಮ ಫೋನಿನಲ್ಲಿ. ಇನ್‌ಸ್ಟ್ರಕ್ಟರ್ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ನನ್ನ ಮೊದಲ ಅನುಮಾನ ಸೀಟಿನ ಮೇಲೆ. ನಾನು ಕುಳ್ಳ. ಕಣ್ಣು ಎರಡು ಇಂಚು ಕೆಳಗಿದ್ದರೂ ಕೌಲಿಂಗ್ (ಎಂಜಿನ್ ಮುಚ್ಚಳ) ಆಚೆಗೆ ಕಾಣುವ ಚಿತ್ರವೇ ಬೇರೆ. ಸರಿ, ಆನ್‌ಲೈನಲ್ಲಿ ಪೈಲಟ್ ಕುಶನ್ ತರಿಸಿದೆ. ಗಾಳಿ ಹೀರಿ ಪ್ಯಾಕ್ ಮಾಡಿದ್ದು, ಬಿಚ್ಚಿದರೆ ಒಂದು ದಿನದಲ್ಲಿ ಉಬ್ಬುತ್ತದೆ ಅಂತ ಬರೆದಿತ್ತು. ವಾರ ಕಳೆದರೂ ಹಪ್ಪಳದ ಹಾಗೇ ಇದೆ. ಇದನ್ನು ಮಾರಿದ ಮಹಾನುಭಾವರೇ ಹಿಂದೆ ಹೆಡ್‌ಸೆಟ್ ಕಳಿಸಿದಾಗ ಎರಡು ಪ್ಲಗ್ಗಿನದ್ದರ ಬದಲು ಹೆಲಿಕಾಪ್ಟರಿನ ಒಂಟಿ ಪ್ಲಗ್ಗಿನದ್ದು ಕಳಿಸಿದ್ದರು. ಕೇಳಿದರೆ, ಅಡಾಪ್ಟರ್ ಕೊಂಡುಕೊಳ್ಳಿ ಅಂದರು. ಅದೂ ಅವರ ಹತ್ತಿರವೇ! ಈಗ ಹಳೇ ದಿಂಬೊಂದನ್ನು ಕತ್ತರಿಸಿ ಹೊಲಿದುಕೊಂಡಿದ್ದೇನೆ. ಪ್ರತಿ ಸಲ ಒಂದೇ ಎತ್ತರದಲ್ಲಿ ಕೂರುತ್ತೇನೆ, ಅದರಿಂದ ಸ್ವಲ್ಪ ಉಪಯೋಗವೂ ಆಯಿತು. ಆದರೆ ದೊಪ್ ನಿಲ್ಲಲಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಲ್ಯಾಂಡಿಂಗ್‌ನಲ್ಲಿ ಫ್ಲೇರ್ ನಾಲ್ಕೈದು ಸೆಕೆಂಡ್. ಉಳಿದದ್ದೆಲ್ಲ ಸುತ್ತು ಹೊಡೆಯುವುದು. ಒಂದು ಗಂಟೆ ಟಚ್ ಅಂಡ್ ಗೋ (ನೆಲ ಮುಟ್ಟಿ, ನಿಲ್ಲದೆ ಮತ್ತೆ ಏರುವುದು) ಮಾಡಿದರೂ ಕಲಿಯಬೇಕಾದ ಕೆಲಸ ಮಾಡಿದ್ದು ಒಂದು ನಿಮಿಷವೂ ಆಗುವುದಿಲ್ಲ. ಬಾಡಿಗೆ ಮೀಟರ್‌ಗೆ ಆ ಭೇದ ಗೊತ್ತಾಗಲ್ಲ, ಅಲ್ವಾ?

ಅದಕ್ಕೇ ಇನ್‌ಸ್ಟ್ರಕ್ಟರ್ ಈ ಸಲ ಕ್ಯಾಸಲ್‌ಗೆ ಕರೆದುಕೊಂಡು ಹೋದರು. ಆಟ್‌ವಾಟರ್ ಊರಿನ ಹತ್ತಿರದ ಹಳೇ ವಾಯುಪಡೆ ನೆಲೆ, ಬಿ-52 ಬಾಂಬರ್‌ಗಳಿದ್ದ ಜಾಗ. 1995ರಲ್ಲಿ ನೆಲೆ ಮುಚ್ಚಿತು, ರನ್‌ವೇ ಉಳಿಯಿತು: ಉದ್ದ 11,802 ಅಡಿ, ಅಗಲ 150. ನನ್ನ ಕಣ್ಣಿಗೆ ರೂಢಿ 70 ಅಡಿ ಅಗಲ. ಅಗಲದ ರನ್‌ವೇ ಹತ್ತಿರ ಬಂದಂತೆ ಕಾಣುತ್ತದೆ, ನೆಲ ಬಂದೇಬಿಟ್ಟಿತು ಅನ್ನಿಸುತ್ತದೆ. ಓದಿದ್ದೆ, ಪರೀಕ್ಷೆಯಲ್ಲಿ ಸರಿಯಾಗಿ ಉತ್ತರಿಸಿಯೂ ಇದ್ದೆ. ಕೈಗೆ ಅದ್ಯಾವುದೂ ತಿಳಿದಿರಲಿಲ್ಲ. ಮೊದಲನೇ ಸಲವೇ ಎತ್ತರದಲ್ಲೇ ಎಳೆದೆ.

ಆಮೇಲೆ ಟವರ್ ಹತ್ತಿರ ಲೋ ಅಪ್ರೋಚ್‌ಗೆ (ನೆಲ ಮುಟ್ಟದೆ ರನ್‌ವೇ ಮೇಲೆ ಕೆಳಗೇ ಹಾರುವುದು) ಅನುಮತಿ ಕೇಳಿ, ಇಳಿಯುವುದನ್ನೇ ಬಿಟ್ಟೆವು. ಎಂಜಿನ್ ಪವರ್ ಇನ್‌ಸ್ಟ್ರಕ್ಟರ್ ಕೈಲಿ, ಯೋಕ್ ನನ್ನ ಕೈಲಿ. ನೆಲದಿಂದ ನಾಲ್ಕೈದು ಅಡಿ ಮೇಲೆ ರನ್‌ವೇ ಉದ್ದಕ್ಕೂ ಹಾರುವುದು, ಅಷ್ಟೇ. 65 ನಾಟ್‌ನಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಸಿಗುತ್ತದೆ. ಒಂದೇ ಪಾಸ್‌ನಲ್ಲಿ ಒಂದು ಗಂಟೆಯ ಫ್ಲೇರ್!

ಆ ಒಂದು ನಿಮಿಷದಲ್ಲಿ ಕಣ್ಣನ್ನು ಬೇಕಾದಲ್ಲಿಟ್ಟು ನೋಡಬಹುದು. ಮೂಗಿನ ಮುಂದೆಯೇ ನೋಡಿದೆ. ಬಿಳಿ ಪಟ್ಟೆಗಳು ಸರ್ರನೆ ಮಸುಕಾಗಿ ಓಡಿದವು, ಕೈ ತಾನಾಗಿಯೇ ಎಳೆಯಿತು. ತೀರಾ ತುದಿ ನೋಡಿದೆ. ಅದು ಎರಡು ಮೈಲಿ ಆಚೆ. ವಿಮಾನ ಮೆಲ್ಲಗೆ ಕುಸಿಯುತ್ತಿದ್ದರೂ ಗೊತ್ತಾಗಲಿಲ್ಲ. ನಡುವೆ, ಸುಮಾರು ಎರಡು ಸಾವಿರ ಅಡಿ ಮುಂದೆ ಕಣ್ಣಿಟ್ಟಾಗ ರನ್‌ವೇ ಅಂಚುಗಳು ಎರಡೂ ಕಡೆ ಅಗಲವಾಗುವುದು ಓರೆಗಣ್ಣಿಗೆ ಕಂಡಿತು. ಅಗಲವಾದರೆ ಇಳಿಯುತ್ತಿದೆ, ಕಿರಿದಾದರೆ ಏರುತ್ತಿದೆ. ಕೈಯ ಗಡಿಬಿಡಿ ನಿಂತಿತು.

ಎಲ್ಲರೂ "ರನ್‌ವೇ ಕೊನೆ ನೋಡಿ" ಅನ್ನುತ್ತಾರಲ್ಲ, ಪಾಲೋ ಆಲ್ಟೋದಲ್ಲಿ ಆ ಕೊನೆ ಇರುವುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ನೋಡಬೇಕಾದ್ದು ಕೊನೆಯನ್ನಲ್ಲ, ಆ ದೂರವನ್ನು. ಇದನ್ನು ಮೊದಲೇ ಯಾರಾದರೂ ಅಡಿ ಲೆಕ್ಕದಲ್ಲಿ ಹೇಳಿದ್ದರೆ ನನ್ನ ದುಡ್ಡು ಎಷ್ಟೋ ಉಳಿಯುತ್ತಿತ್ತು.

ವಾಪಸ್ ಬಂದು ಇಳಿಸಿದಾಗ ಹಾರ್ನ್ ಕುಂಯ್ ಅನ್ನುವುದಕ್ಕೂ ಹಿಂದಿನ ಚಕ್ರ ತಾಗುವುದಕ್ಕೂ ಸರಿಹೋಯಿತು. ಮೂಗಿನ ಚಕ್ರ ಆಮೇಲೆ ನಿಧಾನಕ್ಕೆ ಬಂತು.

ಈಗ ತಲೆಯಲ್ಲಿ ಟೈಲ್‌ವೀಲ್ (ಮೂಗಿನ ಬದಲು ಬಾಲದಡಿ ಚಕ್ರವಿರುವ ವಿಮಾನ) ಹುಳ ಹೊಕ್ಕಿದೆ. ಇಳಿಯುವಾಗ ಮೂಗೇ ಮುಂದಿನದ್ದನ್ನೆಲ್ಲ ಮುಚ್ಚುತ್ತದೆ, ಬರೀ ಅಂಚು ನೋಡಿಕೊಂಡೇ ಇಳಿಸಬೇಕು. ನನಗೀಗ ಅಂಚು ಗೊತ್ತಲ್ಲ! ಅದಕ್ಕೆ ಇಷ್ಟೇ ಗಂಟೆ ಕಲಿಯಬೇಕು ಅಂತ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮವೂ ಇಲ್ಲ, ಇನ್‌ಸ್ಟ್ರಕ್ಟರ್ ಒಪ್ಪಿ ಲಾಗ್‌ಬುಕ್ಕಿಗೆ ಸಹಿ ಹಾಕಿದರಾಯಿತು. ನನ್ನ ಇನ್‌ಸ್ಟ್ರಕ್ಟರ್ ಹತ್ತಿರ ಪ್ರಸ್ತಾಪ ಮಾಡಿದೆ. ಮೊದಲು ಸೋಲೋ ಮಾಡು (ಒಬ್ಬನೇ ಹಾರು) ಮಾರಾಯಾ ಅನ್ನುವ ಹಾಗೆ ನೋಡಿ, ಫ್ಯುಯಲ್ ಟ್ರಕ್ ಕಡೆ ನಡೆದರು.